ಪುಸ್ತಕ ಮುಚ್ಚಿದ ಮೇಲೆ: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನೆ ಫೋನಿನಲ್ಲಿ ‘ಓದಿಲ್ಲ, ಅದಕ್ಕೇ ಫೇಲು’ ಅಂದುಬಿಟ್ಟೆ. ತಪ್ಪು ನನ್ನದು. ನಾಲ್ಕು ಸಲ ಓದಿದ್ದೀಯ. ತೊಂದರೆ ಇರುವುದೇ ಆ ನಾಲ್ಕು ಸಲದಲ್ಲಿ. ಮನಶ್ಶಾಸ್ತ್ರದಲ್ಲೇ ಫೇಲಾದ ನಿನಗೆ ಕಾರಣವೂ ಅದೇ ಪುಸ್ತಕದಲ್ಲಿದೆ.

ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು ಮರೆವನ್ನು ಅಳೆದ, 1885ರಲ್ಲಿ ಪ್ರಕಟಿಸಿದ. ಮತ್ತೆ ಕಲಿಯುವಾಗ ಉಳಿತಾಯವಾಗುವ ಸಮಯವೇ ಅವನ ಅಳತೆಗೋಲು. 20 ನಿಮಿಷಕ್ಕೆ ಉಳಿದದ್ದು ಶೇ. 58, ಒಂದು ದಿನಕ್ಕೆ ಮೂರರಲ್ಲೊಂದು ಪಾಲು, 31 ದಿನಕ್ಕೆ ಐದರಲ್ಲೊಂದು. ಮರೆವು ಮೊದಲ ಗಂಟೆಯಲ್ಲೇ ಧುಮುಕುತ್ತದೆ, ಆಮೇಲೆ ತೆವಳುತ್ತದೆ.

ನನಗೆ ಭಯ ಮರೆವಿನದಲ್ಲ, ‘ಗೊತ್ತಿದೆ’ ಅನ್ನಿಸುವುದರದು. ಎರಡನೇ ಸಲ ಓದುವಾಗ ಸಾಲುಗಳು ಪರಿಚಿತ ಮುಖಗಳಂತೆ ಕಾಣುತ್ತವೆ. ಹೆಸರು ಕೇಳಿದರೆ ಬಾಯಿಗೆ ಬರುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಸಂಶೋಧಕರು 2006ರಲ್ಲಿ ಇದನ್ನೇ ತೋರಿಸಿದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದು: ಅವರಿಗೆ ನೆನಪಾದದ್ದು ಶೇ. 81, ಓದುವ ಬದಲು ನೆನಪಿನಿಂದ ಬರೆದವರಿಗೆ 75. ವಾರ ಕಳೆದಾಗ ತಲೆಕೆಳಗು: ಮತ್ತೆ ಓದಿದವರಿಗೆ 42, ಬರೆದವರಿಗೆ 56. ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲವಲ್ಲ!

ಹಾಗಾಗಿ ಒಂದು ಭಾಗ ಒಮ್ಮೆ ಓದು, ಪುಸ್ತಕ ಮುಚ್ಚು, ಖಾಲಿ ಹಾಳೆಯಲ್ಲಿ ಹತ್ತು ನಿಮಿಷ ಬರೆ. ನೆನಪಾಗದೆ ನಿಂತ ಕೂಡಲೇ ಇಣುಕಬೇಡ. ಆ ತಡಕಾಟವೇ ಕೆಲಸ ಮಾಡುವುದು. ಆಮೇಲೆ ತೆರೆದು ಬೇರೆ ಬಣ್ಣದಲ್ಲಿ ತಿದ್ದು, ಇಲ್ಲದಿದ್ದರೆ ತಪ್ಪೇ ಗಟ್ಟಿಯಾಗುತ್ತದೆ. ನಾಳೆ, ಮೂರು ದಿನಕ್ಕೆ, ವಾರಕ್ಕೆ ಮತ್ತೊಮ್ಮೆ. ಹಳದಿ ಮಾರ್ಕರನ್ನು ಯಾರಿಗಾದರೂ ಕೊಟ್ಟುಬಿಡು.

ಮಕ್ಕಳ ಯೋಚನೆ ಬೆಳೆಯುವ ಬಗೆಗೆ ಪಿಯಾಜೆ ಹೇಳಿದ ನಾಲ್ಕು ಹಂತಗಳ ಹೆಸರು ಉರುಹೊಡೆದರೆ ಸಾಲದು. ಅಗಲ ಲೋಟದ ನೀರನ್ನೇ ಎತ್ತರದ ಸಪೂರ ಲೋಟಕ್ಕೆ ಸುರಿದರೆ ಚಿಕ್ಕ ಮಗು ‘ಜಾಸ್ತಿ’ ಅನ್ನುವುದು ಯಾಕೆ? ಎತ್ತರ ಕಂಡಿತು, ಅಗಲ ಕಾಣಲಿಲ್ಲ. ಅಷ್ಟೇ ಅಲ್ಲ, ದೊಡ್ಡವರು ಅದೇ ಪ್ರಶ್ನೆ ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪಿರಬೇಕು ಅಂದುಕೊಳ್ಳುವ ಮಕ್ಕಳೂ ಇದ್ದಾರೆ. ಇದನ್ನು ಬರೆದರೆ ಅಂಕ ಬರುತ್ತದೆ.

ಅಯ್ಯೋ, ಪಾಠ ಶುರುವಾಯಿತು. ಇನ್ನೊಂದೇ ಮಾತು. ಹಾಸ್ಟೆಲಿನಲ್ಲಿ ಎಲ್ಲರೂ ಬೆಳಗಿನವರೆಗೆ ಕೂರುತ್ತಾರೆಂದು ನೀನೂ ಕೂರಬೇಡ. ಕಲಿತದ್ದು ನೆಲೆನಿಲ್ಲುವುದಕ್ಕೆ ನಿದ್ದೆ ಬೇಕು. ಆಶ್‌ನ ಗೆರೆಗಳ ಪ್ರಯೋಗ ನೆನಪಿದೆಯಾ? ಉಳಿದವರೆಲ್ಲ ಬೇಕೆಂದೇ ಗೆರೆಯ ಉದ್ದ ತಪ್ಪು ಹೇಳಿದಾಗ ಹಲವರು ಅವರ ಹಿಂದೆಯೇ ಹೋದರು. ಸರಿ ಉತ್ತರ ಹೇಳುವವನು ಇನ್ನೊಬ್ಬ ಸಿಕ್ಕರೆ ಸಾಕು, ಗುಂಪಿನ ಹಿಂದೆ ಹೋಗುವುದು ತೀರಾ ಕಡಿಮೆಯಾಗುತ್ತಿತ್ತು. ಹತ್ತೂವರೆಗೆ ದೀಪ ಆರಿಸುವ ಒಬ್ಬ ಗೆಳತಿಯನ್ನು ಹುಡುಕಿಕೋ.

ಅಂಕಪಟ್ಟಿಯನ್ನು ಮುಚ್ಚಿಡದೆ ನೀನೇ ಕಳಿಸಿದೆಯಲ್ಲ, ಅದಕ್ಕೆ ಹೆಮ್ಮೆಪಟ್ಟೆ. ಬೈಯುವ ಭರದಲ್ಲಿ ಹೇಳಲಿಲ್ಲ.

ಈ ಪತ್ರವನ್ನು ಎರಡನೇ ಸಲ ಓದಬೇಡ. ಮಡಚಿಟ್ಟು, ನೆನಪಿರುವುದನ್ನು ಬರೆದು ಕಳಿಸು. ಬೈದದ್ದೇ ಮೊದಲು ನೆನಪಾದರೆ ಅದನ್ನೂ ಬರೆ.

ಅಮ್ಮ