ಯಾವ ಪ್ರತಿಯಿಂದ ಅನುವಾದ?

ಸಂಪಾದಕರಿಗೆ ನಮಸ್ಕಾರ.

ಜೆಕ್ ಲೇಖಕ ಮಿಲನ್ ಕುಂದೇರಾ 1975ರಲ್ಲಿ ದೇಶ ಬಿಟ್ಟು ಫ್ರಾನ್ಸಿಗೆ ಹೋದರು. 1979ರಲ್ಲಿ ಜೆಕೊಸ್ಲೊವಾಕಿಯಾ ಸರಕಾರ ಅವರ ಪೌರತ್ವವನ್ನೂ ಕಿತ್ತುಕೊಂಡಿತು. ಊರಿನಲ್ಲಿ ಪುಸ್ತಕಗಳಿಗೆ ನಿಷೇಧ. ಹಾಗಾಗಿ ಅವರನ್ನು ಜಗತ್ತು ಓದಿದ್ದೇ ಅನುವಾದದಲ್ಲಿ. 'ದಿ ಜೋಕ್' ಕಾದಂಬರಿಯ 1969ರ ಇಂಗ್ಲಿಷ್ ಆವೃತ್ತಿಯಲ್ಲಿ ಅಧ್ಯಾಯಗಳ ಕ್ರಮವನ್ನೇ ಬದಲಿಸಿದ್ದರು, ಜಾನಪದ ಸಂಗೀತದ ಭಾಗಕ್ಕೆ ಕತ್ತರಿ ಹಾಕಿದ್ದರು. ಕುಂದೇರಾ ಲಂಡನ್ನಿನ ಪತ್ರಿಕೆಗೆ ಬರೆದು ಪ್ರತಿಭಟಿಸಿದರು. ಮುಂದೆ ತಮ್ಮ ಫ್ರೆಂಚ್ ಅನುವಾದಗಳನ್ನು ತಾವೇ ಕೂತು ತಿದ್ದಿದರು. ಇದನ್ನು ಹಠ ಅನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ನಾಡು ಕಳೆದುಕೊಂಡವನಿಗೆ ಉಳಿದದ್ದು ಆ ಪುಟಗಳೇ ಅಲ್ವಾ?

ಕಾಸರಗೋಡಿನ ನಮಗೆ ಈ ಸಂಕಟ ಬೇಗ ಅರ್ಥವಾಗುತ್ತದೆ. ಕನ್ನಡ ಶಾಲೆಯಲ್ಲಿ ಕಲಿತವರು ನಾವು, ಪೇಟೆಯಲ್ಲಿ ಮಲಯಾಳ ಆಡುವವರು. ಈಚೆಗೆ ಒಂದು ಮಲಯಾಳ ಕಾದಂಬರಿಯನ್ನೂ ಅದರ ಕನ್ನಡ ಅನುವಾದವನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಮೂಲದಲ್ಲಿ ಅಜ್ಜಿಯೊಬ್ಬಳು ಗದ್ದೆ ಮಾರಿದ ಕಥೆ ಎರಡು ಪುಟ ಇದೆ. ಕನ್ನಡದಲ್ಲಿ ನಾಲ್ಕೇ ಸಾಲು. ಬಿಟ್ಟಿದ್ದೇವೆ ಅಂತ ಎಲ್ಲೂ ಒಂದು ಮಾತಿಲ್ಲ.

ದೂರದ ಭಾಷೆಯ ಪುಸ್ತಕಗಳು ಕನ್ನಡಕ್ಕೆ ಜಾಸ್ತಿ ಬರುವುದು ಇಂಗ್ಲಿಷ್ ಮೂಲಕ. ಅದು ತಪ್ಪಲ್ಲ. ಆದರೆ ಯಾರ ಇಂಗ್ಲಿಷ್ ಅನುವಾದ, ಯಾವ ವರ್ಷದ್ದು, ಏನಾದರೂ ಕೈಬಿಟ್ಟಿದೆಯಾ ಎಂಬುದನ್ನು ಪ್ರಕಾಶಕರು ಮೊದಲ ಪುಟದಲ್ಲೇ ಅಚ್ಚು ಹಾಕಲಿ. ನಿಮ್ಮ ಪುಸ್ತಕ ವಿಮರ್ಶೆಯ ಅಂಕಣದಲ್ಲೂ ದಯವಿಟ್ಟು ಇದನ್ನು ಕೇಳಿ.

– ಓದುಗ, ಕಾಸರಗೋಡು