ಯುವ ಪರಿಸರ ವಿಜ್ಞಾನಿಗಳಿಗೆ ಗ್ರಾಮಸಭೆಯ ಪಾಠವೂ ಬೇಕು

ಮಾನ್ಯ ಸಂಪಾದಕರೇ,

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳ ಕುರಿತ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಆರು ಬಾರಿ ಹೊರಡಿಸಿದೆ. ಆಕ್ಷೇಪಣೆಗೆಂದು ನೀಡುವ 60 ದಿನಗಳು ಕೊಡಗಿನ ಊರುಗಳಲ್ಲಿ ಹೆಚ್ಚಾಗಿ ಮನೆ ರಿಪೇರಿ ಮಾಡಬಹುದೇ, ತೋಟ ಮಾರಬಹುದೇ ಎಂಬ ಆತಂಕದಲ್ಲೇ ಕಳೆದುಹೋಗುತ್ತವೆ. ಕರಡು ನಿಷೇಧಿಸುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯಕಾರಕ) ಉದ್ಯಮ, ಭಾರಿ ಕಟ್ಟಡ ಮುಂತಾದವನ್ನು. ಆಸ್ತಿ ಮಾರಾಟಕ್ಕೆ ಅದರಲ್ಲಿ ಅಡ್ಡಿಯಿಲ್ಲ. ಇಷ್ಟನ್ನು ಓದಿ ಹೇಳುವುದಕ್ಕೂ, ಬೆಳೆಗಾರರ ನ್ಯಾಯವಾದ ಆಕ್ಷೇಪಗಳಿಗೆ ವೈಜ್ಞಾನಿಕ ಆಧಾರ ಒದಗಿಸಿ ಬರೆದುಕೊಡುವುದಕ್ಕೂ ಪರಿಸರ ವಿಜ್ಞಾನ ಓದಿದ ನಮ್ಮ ಮಕ್ಕಳು ಮುಂದೆ ಬರುವುದು ತೀರಾ ಕಡಿಮೆ. ತಪ್ಪು ಅವರದಲ್ಲ, ಆ ಕೆಲಸವನ್ನು ಅವರಿಗೆ ಯಾರೂ ಕಲಿಸಿಲ್ಲ.

ನೀತಿ ಎಂದೊಡನೆ ದೆಹಲಿ, ಬೆಂಗಳೂರಿನತ್ತ ನೋಡುವ ಅಭ್ಯಾಸವೂ ಇದಕ್ಕೆ ಕಾರಣ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಕಟ್ಟಡಗಳಿಗೆ ಪೂರ್ವಾನುಮತಿ ಬೇಕಾಗುವುದು ನಿರ್ಮಾಣ ವಿಸ್ತೀರ್ಣ 20,000 ಚದರ ಮೀಟರ್ ತಲುಪಿದಾಗ. ಬಾಣೆಯ (ಗುಡ್ಡದ ಜಮೀನಿನ) ಬದಿಯನ್ನು ಜೆಸಿಬಿಯಿಂದ ಕಡಿದು ಬರೆ (ಕಡಿದಾದ ಮಣ್ಣಿನ ಗೋಡೆ) ನಿಲ್ಲಿಸಿ ಕಟ್ಟುವ ಹೋಂಸ್ಟೇ ಆ ಲೆಕ್ಕದ ಹತ್ತಿರಕ್ಕೂ ಸುಳಿಯುವುದಿಲ್ಲ. ಅದರ ತೀರ್ಮಾನ ಆಗುವುದು ಜಿಲ್ಲಾಧಿಕಾರಿಗಳ ಭೂಪರಿವರ್ತನೆ ಆದೇಶದಲ್ಲಿ ಮತ್ತು ಪಂಚಾಯಿತಿಯ ಕಟ್ಟಡ ಪರವಾನಗಿಯಲ್ಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಮೇಲೆ, ಬುಡ ಕಡಿದ ಇಳಿಜಾರಿನೊಳಗೆ ಸತತ ಮಳೆಯ ನೀರು ಇಳಿದರೆ ಏನಾಗುತ್ತದೆಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಆದರೆ ಪರವಾನಗಿಯ ಕಡತಕ್ಕೆ ಆ ತಿಳಿವಳಿಕೆಯನ್ನು ಸೇರಿಸುವ ಒಬ್ಬರಾದರೂ ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತೆಯ ರಾಷ್ಟ್ರೀಯ ನಕ್ಷೆಗಳು 1:50,000 ಪ್ರಮಾಣದವು, ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಪಂಚಾಯಿತಿ ಸದಸ್ಯರು ತಮ್ಮ ವಾರ್ಡಿನ ಲೈನ್ ಮನೆಗಳ (ತೋಟದ ಕಾರ್ಮಿಕರ ವಸತಿ) ಸಾಲನ್ನು ತೋರಿಸಿ ಇದು ಹೆಚ್ಚು ಅಪಾಯ ಸೂಚಿಸುವ ಕೆಂಪು ಬಣ್ಣದೊಳಗೋ ಹೊರಗೋ ಎಂದು ಕೇಳಿದರೆ ಆ ನಕ್ಷೆ ಉತ್ತರ ಕೊಡಲಾರದು. ತರಬೇತಿಯಿಲ್ಲದ ಯುವ ವಿಜ್ಞಾನಿ ಇಲ್ಲಿ ಸಲ್ಲದ ಖಚಿತತೆಯಿಂದ ಮಾತನಾಡುತ್ತಾರೆ, ಇಲ್ಲವೇ ‘ಇನ್ನಷ್ಟು ಅಧ್ಯಯನ ಅಗತ್ಯ’ ಎಂದು ಎದ್ದು ಹೋಗುತ್ತಾರೆ. ನಕ್ಷೆ ಹೇಳುವುದಿಷ್ಟು, ಉಳಿದದ್ದಕ್ಕೆ ಇಳಿಜಾರಿನ ಕೋನ, ಮಣ್ಣಿನ ಆಳ, ಚರಂಡಿಯ ದಿಕ್ಕನ್ನು ಸ್ಥಳದಲ್ಲೇ ನೋಡಬೇಕು, ಅಲ್ಲಿಯವರೆಗೆ ಈ ಮಳೆಗಾಲ ಮುಗಿಯುವ ತನಕ ಮಣ್ಣು ತೆಗೆಯುವುದನ್ನು ನಿಲ್ಲಿಸಿ ಎಂದು ಒಂದು ಪುಟದಲ್ಲಿ ಬರೆದುಕೊಡುವುದು ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ.

ಕಲಿಕೆ ಏಕಮುಖವಾಗಿಯೂ ಇರಬಾರದು. ನಮ್ಮಲ್ಲಿ ಅನೇಕ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಅವನ್ನು ಕೇಳಿ ಪಡೆದು ಮಿಲಿಮೀಟರಿಗೆ ಇಳಿಸಿದರೆ ಹೋಬಳಿಯ ಮಳೆಮಾಪಕಕ್ಕೆ ಸಿಗದ ವಿವರ ದೊರೆಯುತ್ತದೆ. ಬೆಳೆಗಾರರಿಗೂ ಸರ್ಕಾರಿ ಅಂಕಿಅಂಶದ ಮೇಲಿರುವ ಗುಮಾನಿ ತುಸು ತಗ್ಗೀತು. (ಆ ಗುಮಾನಿ ಪೂರ್ತಿ ನಿರಾಧಾರವೆಂದು ನಾನು ಹೇಳಲಾರೆ.)

ವಿಜ್ಞಾನಿಗಳು ನೀತಿಯ ವಿಚಾರಕ್ಕೆ ಕೈಹಾಕಿದರೆ ಒಂದು ಪಕ್ಷದವರಾಗಿ ಕಾಣುತ್ತಾರೆಂಬ ಆಕ್ಷೇಪವಿದೆ. ಎಷ್ಟು ಅಪಾಯವಿದೆ ಎಂಬುದು ವಿಜ್ಞಾನದ ಮಾತು, ಎಷ್ಟನ್ನು ಸಹಿಸಬಹುದು ಎಂಬುದು ಜನರ ತೀರ್ಮಾನ. ಈ ಗೆರೆಯನ್ನು ಗುರುತಿಸಲು ಕಲಿಸುವುದೇ ತರಬೇತಿಯ ಮುಖ್ಯ ಭಾಗವಾಗಬೇಕು.

ಇದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯ, ಪ್ರಾಣಿ ಮತ್ತು ಅವುಗಳ ಕುರಿತ ಸ್ಥಳೀಯ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯೂ ಆಗಬೇಕು. ಜಿಲ್ಲಾ ಪಂಚಾಯಿತಿ ಮತ್ತು ವಿಶ್ವವಿದ್ಯಾಲಯಗಳು ಕೂಡಿ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಒಂದು ಅವಧಿಗೆ ಈ ಸಮಿತಿಗಳ ಜೊತೆ ನೇಮಿಸಲಿ. ಒಂದು ಕರಡು ಅಧಿಸೂಚನೆಯ ಕನ್ನಡ ಸಾರಾಂಶ, ಒಂದು ಆಕ್ಷೇಪಣಾ ಪತ್ರ, ಗ್ರಾಮಸಭೆಯಲ್ಲಿ ಒಂದು ವಿವರಣೆ ಅವರ ಪರೀಕ್ಷೆಯಾಗಲಿ; ಅಂಕ ಕೊಡುವವರಲ್ಲಿ ಪ್ರಾಧ್ಯಾಪಕರೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೂ ಒಬ್ಬ ಬೆಳೆಗಾರರೂ ಇರಲಿ.

ಇತಿ,
ಒಬ್ಬ ಕಾಫಿ ಬೆಳೆಗಾರ,
ಮಡಿಕೇರಿ ತಾಲ್ಲೂಕು