ಹೆರಿ ಎನ್ನುವವರು ಡೇಕೇರ್ ಲೆಕ್ಕವನ್ನೂ ಹೇಳಲಿ

ಸಂಪಾದಕರೇ,

ಹೆಚ್ಚು ಮಕ್ಕಳನ್ನು ಹೆರಿ ಎಂದು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2024ರಲ್ಲೇ ಕರೆ ಕೊಟ್ಟರು. ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಹಳೆಯ ನಿಯಮವನ್ನೂ ಅದೇ ವರ್ಷ ಅಲ್ಲಿ ತೆಗೆದುಹಾಕಿದರು. ಪಂಚಾಯಿತಿ ಸೀಟಿಗಾಗಿ ಯಾರೆಲ್ಲ ಹೆರಿಗೆ ಮುಂದೂಡಿದ್ದರೋ ಗೊತ್ತಿಲ್ಲ!

ಮಕ್ಕಳು ಹುಟ್ಟುವುದು ಕಡಿಮೆಯಾಗುತ್ತಿದೆ ಎಂಬುದು ಅವರ ಚಿಂತೆ. ನಮ್ಮಲ್ಲೂ ಪರಿಸ್ಥಿತಿ ಬೇರೆಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಕುಗ್ಗದೆ ಇರಬೇಕಾದರೆ 2.1 ಬೇಕಂತೆ. ಇದನ್ನು ನೋಡಿದ ತಕ್ಷಣ ‘ಈಗಿನ ಹುಡುಗಿಯರಿಗೆ ಮಕ್ಕಳೇ ಬೇಡ’ ಅಂತ ಸುಮ್ನೆ ಹೇಳಿಬಿಡುತ್ತಾರೆ. ಬೇಕು ಸ್ವಾಮಿ, ಆದರೆ ಪೂರೈಸುವುದಿಲ್ಲ.

ನನ್ನ ಮಗಳು ಎಲ್‌ಕೆಜಿ. ಫೀಸು, ವ್ಯಾನು, ಶಾಲೆಯಲ್ಲೇ ಕೊಳ್ಳಬೇಕಾದ ಪುಸ್ತಕದ ಕಟ್ಟು, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ಶಾಲೆ ಬಿಡುವುದು ಹನ್ನೆರಡೂವರೆಗೆ, ಆಫೀಸು ಬಿಡುವುದು ಆರಕ್ಕೆ. ಆ ನಡುವಿನ ಹೊತ್ತಿಗೆ ಡೇಕೇರ್‌ನವರಿಗೆ ಬೇರೆ ದುಡ್ಡು, ಐದು ನಿಮಿಷ ತಡವಾದರೆ ಅವರ ಮುಖ ನೋಡಬೇಕು. ಇನ್ನೊಂದು ಮಗುವಾದರೆ ನನ್ನ ಸಂಬಳ ಪೂರ್ತಿ ಅಲ್ಲಿಗೇ ಹೋಗುತ್ತದೆ, ಅದಕ್ಕಿಂತ ಕೆಲಸ ಬಿಡುವುದೇ ವಾಸಿ ಅನ್ನುತ್ತಾರೆ ಮನೆಯಲ್ಲಿ. ಬಿಟ್ಟರೆ ಸಂಬಳದ ಜೊತೆ ಇನ್‌ಕ್ರಿಮೆಂಟು, ಪಿಎಫ್ ಎಲ್ಲ ಹೋಯಿತು, ನಾಲ್ಕೈದು ವರ್ಷ ಕಳೆದು ಮತ್ತೆ ಕೆಲಸ ಕೇಳಲು ಹೋದರೆ ‘ಗ್ಯಾಪ್ ಯಾಕೆ’ ಎಂಬ ಪ್ರಶ್ನೆ ಬೇರೆ. ಇದನ್ನು ಮಗುವಿನ ಖರ್ಚು ಅಂತ ಯಾರೂ ಬರೆಯುವುದೇ ಇಲ್ಲ. ಗಂಡಸರ ಲೆಕ್ಕದಲ್ಲಂತೂ ಇದು ಇರುವುದೇ ಇಲ್ಲ ಬಿಡಿ.

ಕಾನೂನು ಇದೆಯಲ್ಲ ಅನ್ನಬಹುದು. 2017ರಿಂದ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ, ನಿಜ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲದ ಕಡೆ ಆ ಸಂಬಳವನ್ನೆಲ್ಲ ಕೊಡಬೇಕಾದ್ದು ಕಂಪನಿ. ಅದಕ್ಕೇ ಇಂಟರ್‌ವ್ಯೂನಲ್ಲಿ ‘ಮದುವೆ ಆಗಿದೆಯಾ, ಮಕ್ಕಳ ಪ್ಲಾನ್ ಏನು’ ಅಂತ ಕೇಳುವುದು. ಮೂರನೆಯ ಮಗುವಿಗಾದರೆ ರಜೆ 12 ವಾರ ಮಾತ್ರ! ಮೂರು ಹೆರಿ ಎನ್ನುವವರು ಇದನ್ನು ಓದಿದ್ದಾರಾ? 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕು ಅಂತಲೂ ಇದೆ. ನಮ್ಮ ಆಫೀಸಿನಲ್ಲಿ ಅಂಥದ್ದೇನೂ ಕಂಡಿಲ್ಲ.

ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಮಾಡಿದ್ದು ನಮ್ಮ ರಾಜ್ಯವೇ ಅಲ್ವಾ? ಅದನ್ನೇ ಪಟ್ಟಣದ ವಾರ್ಡುಗಳಿಗೂ ತನ್ನಿ. ಗಾರ್ಮೆಂಟ್ಸ್‌ನವರು, ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರು ಮನೆಗೆ ಬರುವಾಗ ಏಳಾಗುತ್ತದೆ, ಅಲ್ಲಿಯವರೆಗೂ ತೆರೆದಿರಲಿ. ಹಾಗಂತ ಅಂಗನವಾಡಿ ಕಾರ್ಯಕರ್ತೆಯರ ತಲೆಗೆ ಪುಕ್ಕಟೆ ಕಟ್ಟಬೇಡಿ, ಬೇರೆ ಸಿಬ್ಬಂದಿ ಹಾಕಿ, ಸರಿಯಾದ ಸಂಬಳ ಕೊಡಿ.

– ಒಬ್ಬ ತಾಯಿ, ತುಮಕೂರು